ಹಸು ಸಾಕಿದ ಕೈಗೆ ಸಿಕ್ಕ ಮೊಲ

ನಮ್ಮತ್ತೆ ಪುಟ್ಟಮಾದಮ್ಮನವರು ಯಾವ ಜೀವವನ್ನು ಕಂಡರೂ ಮೊದಲು ನೋಡುವುದು ಮುಖವನ್ನಲ್ಲ, ಹೊಟ್ಟೆಯನ್ನು. ಮದುವೆಯಾಗಿ ಪಿರಿಯಾಪಟ್ಟಣದಿಂದ ಹನಗೋಡಿಗೆ ಬಂದ ದಿನ ನನ್ನನ್ನೂ ಹಾಗೇ ನೋಡಿದರು. ಆರತಿ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ, "ಮಗೀಗೆ ಪಕ್ಕೆ ಒಳೀಕೋಗದೆ. ಮೊದ್ಲು ಉಣ್ಣಕ್ಕಿಕ್ರವ್ವ, ಶಾಸ್ತ್ರ ಆಮೇಲಾಗ್ಲಿ" ಎಂದರು. ನೆಂಟರೆಲ್ಲ ನಕ್ಕರು, ನಾನೂ ನಕ್ಕೆ. ಅದು ಹಸುವಿನ ಪಕ್ಕೆಯಲ್ಲಿ ಹಸಿವಿನ ಗುಳಿ ಬಿದ್ದಿದೆಯೇ ಎಂದು ನೋಡುವ ಕಣ್ಣು ಅಂತ ಗೊತ್ತಾದದ್ದು ಆಮೇಲೆ. ಅದೇ ಕಣ್ಣಿನಿಂದ ನನ್ನ ಮಗಳ ಮೊಲವನ್ನು ನೋಡಿ, ಅದೇ ಕೈಯಿಂದ ಅದಕ್ಕೆ ಮೇವು ಹಾಕಿ, ಅದರ ಪ್ರಾಣವನ್ನೇ ಬಾಯಿಗೆ ತಂದರು. ಬಯ್ಯೋಣವೆಂದರೆ ಬಯ್ಯಲಾಗದ ಮನುಷ್ಯರು. ಸುಮ್ಮನಿರೋಣವೆಂದರೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆಯ ತವರು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ. ಮದುವೆಯಾಗಿ ಬರುವಾಗ ಅವರ ಜೊತೆ ಒಂದು ಕಡಸನ್ನೂ ಹೊಡೆದು ಕಳಿಸಿದ್ದರಂತೆ. ಅದರ ಹೆಸರು ಗೌರಿ. ಆಮೇಲೆ ಈ ಕೊಟ್ಟಿಗೆಯಲ್ಲಿ ಕಟ್ಟಿದ ಹಸುಗಳೆಲ್ಲ ಗೌರಿಯೇ. ಹಸು ಬದಲಾಗುತ್ತಿತ್ತು, ಹೆಸರು ಬದಲಾಗುತ್ತಿರಲಿಲ್ಲ. ನಮ್ಮ ಮಾವ ತೀರಿಕೊಂಡಾಗ ನನ್ನ ಗಂಡ ಕಿರಣ್ ಇನ್ನೂ ಮಿಡ್ಲ್ ಸ್ಕೂಲು. ಡೇರಿಗೆ ಹಾಲು ಹಾಕಿ, ಸಗಣಿ ತಟ್ಟಿ, ನಾಲೆ ಏರಿಯ ಹುಲ್ಲು ತಲೆ ಮೇಲೆ ಹೊತ್ತು ಮಗನನ್ನು ಓದಿಸಿದರು. ನೆರೆಮನೆಯ ಕುಳ್ಳಮ್ಮ ಹೇಳುವ ಪ್ರಕಾರ, ಜ್ವರ ಬಂದು ಕಣ್ಣು ಬಿಡಲಾಗದೆ ಮಲಗಿದ್ದ ದಿನವೂ ಅತ್ತೆ ಹಸು ಕೂಗಿದ ದನಿಯಿಂದಲೇ ಅದಕ್ಕೆ ಬೇಕಾಗಿರುವುದು ನೀರೋ ಮೇವೋ ಹೇಳುತ್ತಿದ್ದರಂತೆ.

ಎರಡು ವರ್ಷದ ಕೆಳಗೆ ಮಂಡಿ ಹಿಡಿದುಕೊಂಡಿತು. ಕುಕ್ಕರುಗಾಲಲ್ಲಿ ಕುಳಿತು ಹಾಲು ಕರೆಯಲು ಆಗಲಿಲ್ಲ. ನನಗೆ ಕರೆಯಲು ಬಾರದು, ಕಲಿಯಲು ಹೋದರೆ ಗೌರಿ ಒದೆಯುತ್ತಿದ್ದಳು. ಕಿರಣ್ ಗೂಡ್ಸ್ ಆಟೋ ಓಡಿಸುತ್ತಾರೆ, ಬೆಳಗಿನ ಹೊತ್ತು ಊರಲ್ಲಿರುವುದಿಲ್ಲ. ಕೊನೆಗೆ ಪಿರಿಯಾಪಟ್ಟಣದ ಕಡೆಯವರಿಗೆ ಕೊಟ್ಟೆವು. ಹಸುವನ್ನು ಹೊಡೆದುಕೊಂಡು ಹೋಗುವಾಗ ಅತ್ತೆ ಹಿತ್ತಲಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಕೇರುತ್ತಲೇ ಇದ್ದರು, ಈಚೆಗೆ ಬರಲಿಲ್ಲ. ಹಗ್ಗ ಇನ್ನೂ ಕೊಟ್ಟಿಗೆಯ ಗೂಟದಲ್ಲಿದೆ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆಯನ್ನೆಲ್ಲ ಹಸುವಿಗೆಂದು ಕೂಡಿಡುವ ಕಲಗಚ್ಚಿನ ಬಾನಿಯೂ ಇದೆ. ಕುಡಿಯುವ ಹಸುವಿಲ್ಲದಿದ್ದರೂ ಬೆಳಿಗ್ಗೆ ಅದು ತುಂಬುತ್ತದೆ, ಸಂಜೆ ಬಾಳೆ ಬುಡಕ್ಕೆ ಹೋಗುತ್ತದೆ.

ಇನ್ನೊಂದು ವಸ್ತುವೂ ತಪ್ಪಿರಲಿಲ್ಲ. ಹಂಪಾಪುರದಲ್ಲಿ ಹುರುಳಿ ಕಣವಾದ ಮೇಲೆ ಅತ್ತೆಯ ತಮ್ಮ ಚಾಮಯ್ಯ ಮಾವ ಅಕ್ಕನ ಹಸುವಿಗೆಂದು ಒಂದು ಮೂಟೆ ಹುರುಳಿ ಹೊಟ್ಟು ಕಳಿಸುತ್ತಾರೆ. ಹೊಟ್ಟು ಎಂದರೆ ಕಾಳು ಬಡಿದ ಮೇಲೆ ಉಳಿಯುವ ಎಲೆ, ಸಿಪ್ಪೆ, ಕಡ್ಡಿಯ ಪುಡಿ. ಕರು ಹಾಕಿದ ಹಸುವಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲವಂತೆ. ಮಾವನಿಗೆ ಸೊಂಟ ಸರಿಯಿಲ್ಲ, ಅವರು ಬರುವುದಿಲ್ಲ. ಕಿರಣ್ ಬಾಡಿಗೆಗೆ ಕೋಟೆ ಕಡೆ ಹೋದಾಗ ಮೂಟೆ ಹೇರಿಕೊಂಡು ಬರುತ್ತಾರೆ. ಹಸು ಹೋದ ಮೇಲೂ ಮೂಟೆ ಬಂತು. ಯಾಕೆ ಎಂದು ನಾನು ಕೇಳಲಿಲ್ಲ. ತವರಿನದು, ಬರಲಿ ಅಂದುಕೊಂಡೆ. ಆ ವರ್ಷ ಅದು ಕುಳ್ಳಮ್ಮನ ಹಸುವಿಗೆ ಹೋಯಿತು.

ಇಂಥ ಮನೆಗೆ ಮೊಲ ಬಂತು. ಕೆ.ಆರ್. ನಗರದಲ್ಲಿ ಬಾಡಿಗೆ ಇಳಿಸಿದ ಮನೆಯವರು ಮೊಲ ಸಾಕಿದ್ದರಂತೆ. ಮರಿ ಹೆಚ್ಚಾಗಿದ್ದವು, ನಿಮ್ಮ ಮಗುವಿಗೆ ತಗೊಂಡು ಹೋಗಿ ಎಂದರಂತೆ. ರಟ್ಟಿನ ಪೆಟ್ಟಿಗೆ ಬಿಚ್ಚಿದರೆ ಬಿಳಿಯ ಮುದ್ದೆ, ಕಿವಿಯ ತುದಿ ಮಾತ್ರ ಬೂದು. ಮಗಳು ಸಿಂಧು ಅದಕ್ಕೆ 'ಹತ್ತಿ' ಎಂದು ಹೆಸರಿಟ್ಟಳು. ಅತ್ತೆ ಅದನ್ನು ಎತ್ತಿ ಪಕ್ಕೆ ಮುಟ್ಟಿ ನೋಡಿ, "ಪಾಪ, ಕರ ಉಪಾಸ ಅದೆ" ಎಂದರು. ಅಂದಿನಿಂದ ಅವರ ಬಾಯಲ್ಲಿ ಅದು ಕರ, ಅಂದರೆ ಕರು.

ಕುಳ್ಳಮ್ಮ ಬೇಲಿಯಿಂದಲೇ ಕೂಗಿದಳು. "ಪುಟ್ಟಮಾದಕ್ಕಾ, ಹಸ ಕೊಟ್ಟು ಮೊಲ ಕಟ್ಟಿದ್ದೀಯಂತೆ. ಎಷ್ಟು ಲೀಟ್ರು ಕೊಟ್ಟದು?"

"ನಿನ್ ಹಸೀಗಿಂತ ಜಾಸ್ತೀನೇ. ಅದು ಕೊಡೋದೂ ನೀರೇ ಅಲ್ವಾ?"

"ಬುಡಕ್ಕಾ, ಸಾರು ಮಾಡ್ದಾಗ ಒಂದ್ ಬಟ್ಲು ಈಚೆ ಕಳ್ಸು."

ಸಿಂಧು ಅಳಲು ಶುರುಮಾಡಿದಳು. ಅತ್ತೆ ಕುಳ್ಳಮ್ಮನಿಗೆ ಬಯ್ದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಮೊಲಕ್ಕೆ ಏನು ಹಾಕಬೇಕೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕಿರಣ್ ಒಂದು ಹೊರೆ ಭತ್ತದ ಹುಲ್ಲು ತಂದು ಹಾಕಿದರು. ಹತ್ತಿ ಅದರ ಮೇಲೆ ಕುಳಿತು ಉಚ್ಚೆ ಹೊಯ್ದಿತೇ ಹೊರತು ಒಂದು ಕಡ್ಡಿ ತಿನ್ನಲಿಲ್ಲ. ಅದರ ಧೂಳಿಗೆ ಸೀನತೊಡಗಿತು. ನಾನು ಫೋನಿನಲ್ಲಿ ಹುಡುಕಿ ಓದಿದೆ, ಮೊಲ ಸಾಕುವವರ ವಿಡಿಯೋಗಳನ್ನೆಲ್ಲ ನೋಡಿದೆ. ಎಲ್ಲರೂ ಹೇಳಿದ್ದು ಒಂದೇ. ಮೊಲದ ಹೊಟ್ಟೆ ನಡೆಯುವುದು ನಾರಿನಿಂದ. ಒಣಗಿಸಿದ ಹಸಿರು ಹುಲ್ಲು ಹಗಲೂ ರಾತ್ರಿ ಮುಂದಿರಬೇಕು. ಆ ನಾರು ಹಿಂದಿನಿಂದ ತಳ್ಳುತ್ತಿದ್ದರೆ ಕರುಳು ಓಡುತ್ತದೆ. ಕಾಳಿನ ಜಾತಿಯ ಮೇವು ಹೆಚ್ಚಾದರೆ, ನೆನೆಸಿದ ಹಿಟ್ಟು ಹಿಂಡಿ ಹಾಕಿದರೆ, ಒಳಗಿರುವುದು ನಿಂತಲ್ಲೇ ನಿಂತು ಹುಳಿಯುತ್ತದೆ, ಗಾಳಿ ಕಟ್ಟುತ್ತದೆ. ಹಸುವಿನಂತೆ ಅದಕ್ಕೆ ಮೆಲುಕು ಹಾಕಲು ಬಾರದು, ವಾಂತಿ ಮಾಡಲೂ ಬಾರದು.

ನಾನು ಆನ್‌ಲೈನಿನಲ್ಲಿ ಒಂದು ಪ್ಯಾಕೆಟ್ ಒಣಹುಲ್ಲು ತರಿಸಿದೆ. ಕೊರಿಯರ್ ಹುಡುಗ ಮನೆ ಹುಡುಕಿಕೊಂಡು ಬಂದು ಕೊಟ್ಟ. ಅತ್ತೆ ಪ್ಯಾಕೆಟ್ ಮೂಸಿ ನೋಡಿದರು.

"ಏನವ್ವ ಇದು?"

"ಹುಲ್ಲು, ಅತ್ತೆ."

"ಹುಲ್ಲು ಅಂತ ನಂಗೂ ಕಾಣ್ತದೆ. ಪಿಲಾಸ್ಟಿಕ್ಕಲ್ಲಿ ಯಾಕದೆ?"

"ಕೊಂಡುಕೊಂಡಿದ್ದು."

ಅತ್ತೆ ಪ್ಯಾಕೆಟ್ ಕೆಳಗಿಟ್ಟರು. ಆಮೇಲೆ ಬೀದಿಗೆ ಹೋಗಿ ನಿಂತು, "ಕುಳ್ಳೀ, ಬಾ ಇಲ್ಲಿ. ನಮ್ಮ ಸುಕನ್ಯ ಹನಗೋಡಲ್ಲಿ ಕುಂತ್ಕಂಡು ಹುಲ್ಲು ಕೊಂಡವ್ಳೆ, ನೋಡ್ಬಾ" ಎಂದು ಕೂಗಿದರು. ಒಂದು ವಾರ ಬೀದಿಯಲ್ಲಿ ನಾನು ಹುಲ್ಲು ಕೊಂಡವಳಾಗಿಯೇ ಓಡಾಡಿದೆ. ಆದರೆ ಹತ್ತಿ ಆ ಹುಲ್ಲನ್ನು ಕರಕರ ಎಂದು ತಿಂದಿತು. ಕಡಲೆ ಗಾತ್ರದ ಗುಂಡಗಿನ ಒಣ ಹಿಕ್ಕೆ ಹಾಕಿತು. ಫೋನಿನಲ್ಲಿ ಓದಿದಂತೆಯೇ ಆಯಿತು ಎಂದು ನಾನು ಖುಷಿಪಟ್ಟೆ.

ಅತ್ತೆಗೆ ಅದೇ ಚಿಂತೆಯಾಯಿತು. ಹಿಕ್ಕೆಯನ್ನು ಎರಡು ಬೆರಳಲ್ಲಿ ಪುಡಿ ಮಾಡಿ ತಂದು ತೋರಿಸಿದರು. "ನೋಡಮ್ಮಿ. ಒಳ್ಗೆ ಬರೀ ಹುಲ್ಲಿನ್ ಪುಡಿ. ಸಾರಾನೇ ಇಲ್ಲ. ಸಗಣಿ ಅಂದ್ರೆ ಮೆತ್ತಗೆ ಬೀಳ್ಬೇಕು. ಇದು ಕಟ್ಕಂಡದೆ."

"ಆಡು ಕುರಿ ಹಿಕ್ಕೆ ಹಾಕಲ್ವಾ ಅತ್ತೆ?"

"ಆಡು ಸೊಪ್ಪು ಮೇಯೋ ಜಾತಿ. ಇದು ಹುಲ್ಲು ಮೇಯ್ತದೆ, ನೀನೇ ಹೇಳ್ದೆ. ಹುಲ್ಲು ಮೇಯೋದು ಹಿಕ್ಕೆ ಹಾಕುದ್ರೆ ಏನೋ ಕಾಯ್ಲೆ ಅಂತ ಅರ್ಥ."

ಐವತ್ತು ವರ್ಷ ಸಗಣಿ ನೋಡಿಯೇ ಹಸುವಿನ ಆರೋಗ್ಯ ಹೇಳಿದವರು. ಅವರ ಲೆಕ್ಕ ಹಸುವಿಗೆ ಸರಿಯೇ. ಮೊಲ ಹಸುವಲ್ಲ ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ತಪ್ಪಿರಲಿಲ್ಲ.

ಆಗಷ್ಟೇ ಹಂಪಾಪುರದಿಂದ ಮೂಟೆ ಬಂದಿತ್ತು. ನಾನು ಬೆಳಿಗ್ಗೆ ಸಿಂಧುವನ್ನು ಸ್ಕೂಲಿಗೆ ಬಿಟ್ಟು ಬರುವಷ್ಟರಲ್ಲಿ ಹತ್ತಿಯ ಬಟ್ಟಲಲ್ಲಿ ಏನೋ ಕಂದುಬಣ್ಣದ ಒದ್ದೆ ಮುದ್ದೆ. ಹುರುಳಿ ಹೊಟ್ಟನ್ನು ಕಲಗಚ್ಚಿನಲ್ಲಿ ನೆನೆಸಿ, ಮೇಲೆ ಚಿಟಿಕೆ ಉಪ್ಪು ಉದುರಿಸಿ ಇಟ್ಟಿದ್ದರು. ಬಾಣಂತಿ ಹಸುವಿಗೆ ಮಾಡುವ ಉಪಚಾರ. ಹತ್ತಿ ಮುಖವೆಲ್ಲ ಮೆತ್ತಿಕೊಂಡು ತಿನ್ನುತ್ತಿತ್ತು.

"ಅತ್ತೆ, ಇದು ಹಾಕಬೇಡಿ ಅಂತ ಹೇಳಿದ್ನಲ್ಲ. ಒಣ ಹುಲ್ಲು ಮಾತ್ರ."

"ಅದು ಎಂಗೆ ತಿಂತದೆ ನೋಡು ಮೊದ್ಲು. ಬಾಯಿಗೆ ರುಚಿ ಕಂಡದ್ದು ಒಟ್ಟೆಗೆ ಸೇರ್ದೆ ಇರ್ತದಾ?"

"ಸಿಂಧು ಚಾಕ್ಲೇಟೂ ಹೀಗೇ ತಿಂತಾಳೆ. ದಿನಾ ಅದನ್ನೇ ಕೊಡೋಣ್ವಾ?"

"ಚಾಕ್ಲೇಟು ಅಂಗಡೀದು. ಇದು ನನ್ ತವರಿಂದು."

ಬಟ್ಟಲು ಎತ್ತಿ ತೊಳೆದೆ. ಮಾರನೆಯ ದಿನ ಮತ್ತೆ ಇತ್ತು. ಬಟ್ಟಲನ್ನು ಅಡಗಿಸಿಟ್ಟೆ, ತೆಂಗಿನ ಚಿಪ್ಪಿನಲ್ಲಿಟ್ಟರು. ಮೂಟೆಯನ್ನು ಕುಳ್ಳಮ್ಮನಿಗೆ ಕೊಟ್ಟುಬಿಡೋಣ ಎಂದೆ, ಕೇಳಿಸಲೇ ಇಲ್ಲ ಎಂಬಂತೆ ಎದ್ದು ಹೋದರು. ಗಂಡನಿಗೆ ಹೇಳಿದೆ. "ನಿಮ್ಮಮ್ಮಂಗೆ ನೀವಾದ್ರೂ ಹೇಳ್ರಿ."

"ಒಂದಿಷ್ಟು ಹೊಟ್ಟು ತಾನೆ? ಬುಡು ಅತ್ಲಾಗೆ" ಎಂದು ಆಟೋ ಒರೆಸುತ್ತ ನಿಂತರು. ಮುಖ ಕೊಟ್ಟು ಮಾತಾಡಲಿಲ್ಲ. ಇವರಿಗೇನೋ ಗೊತ್ತಿದೆ ಎಂದು ಆಗಲೇ ಹೊಳೆಯಬೇಕಿತ್ತು. ಚಾಮಯ್ಯ ಮಾವ ಫೋನ್ ಮಾಡಿದಾಗ ಅತ್ತೆ, "ಚೆನ್ನಾಗದೆ ಕಣಪ್ಪ. ಕರಾನೂ ಚೆನ್ನಾಗ್ ತಿಂತದೆ, ನಿನ್ ಹೊಟ್ಟು ಅಂದ್ರೆ ಪ್ರಾಣ" ಎನ್ನುತ್ತಿದ್ದುದೂ ನನ್ನ ಕಿವಿಗೆ ಬಿದ್ದಿತ್ತು. ಮೊಲದ ಮಾತೇ ಇರಬೇಕು ಎಂದುಕೊಂಡಿದ್ದೆ.

ದಿನ ಕಳೆದ ಹಾಗೆ ಹತ್ತಿಯ ಹಿಂಭಾಗ ಕೊಳೆಯಾಗತೊಡಗಿತು. ಮೆತ್ತನೆಯ ಹಿಕ್ಕೆ ಕೂದಲಿಗೆ ಅಂಟಿ ವಾಸನೆ. ಮೊಲ ದಿನಕ್ಕೊಂದಾವರ್ತಿ ಹಾಕುವ ಮೆತ್ತನೆಯ ಹಿಕ್ಕೆಯನ್ನು ತಾನೇ ತಿಂದುಬಿಡುತ್ತದೆ, ಅದರ ಜೀರ್ಣವೇ ಹಾಗೆ. ಮೇವಿನ ಸಾರ ಹೆಚ್ಚಾದರೆ ತಿನ್ನದೆ ಬಿಡುತ್ತದೆ, ಅದು ಹೀಗೆ ಅಂಟುತ್ತದೆ. ಇದನ್ನು ಅತ್ತೆಗೆ ವಿವರಿಸಲು ಹೋದೆ. "ಥೂ, ಅಂಥ ಮಾತ ಯಾರಮ್ಮಿ ಹೇಳ್ಕೊಟ್ಟೋರು ನಿಂಗೆ" ಎಂದರು. ಮೆತ್ತಗಾಯಿತಲ್ಲ, ಈಗ ಹೊಟ್ಟೆ ಸರಿಹೋಯಿತು ಎಂದು ಅವರಿಗೆ ಸಮಾಧಾನ. ನಾನು ಬೆಚ್ಚನೆ ನೀರಲ್ಲಿ ಬಟ್ಟೆ ಅದ್ದಿ ಒರೆಸುತ್ತಿದ್ದೆ, ಅವರು ಮತ್ತಷ್ಟು ನೆನೆಸುತ್ತಿದ್ದರು. ನಾನು ತಂದ ಪ್ಯಾಕೆಟ್ಟಿನ ಹುಲ್ಲನ್ನು ಹತ್ತಿ ಮೂಸಿಯೂ ನೋಡುತ್ತಿರಲಿಲ್ಲ. ರುಚಿ ಕಂಡ ನಾಲಿಗೆ.

ಒಂದು ಶನಿವಾರ ಸಿಂಧು ಮಧ್ಯಾಹ್ನವೇ ಸ್ಕೂಲಿನಿಂದ ಬಂದು ಕೊಟ್ಟಿಗೆಗೆ ಓಡಿದವಳು ಕೂಗಿಕೊಂಡಳು. "ಅಮ್ಮಾ, ಹತ್ತಿ ಕಣ್ಣು ಅರ್ಧ ಮುಚ್ಕೊಂಡಿದೆ!"

ಹೋಗಿ ನೋಡಿದೆ. ಮೂಲೆಯಲ್ಲಿ ಗೂನು ಮಾಡಿಕೊಂಡು ಕುಳಿತಿತ್ತು. ಹಲ್ಲು ಕಡಿಯುವ ಸದ್ದು. ಬಟ್ಟಲಲ್ಲಿದ್ದದ್ದು ಹಾಗೇ ಇತ್ತು. ಕೆಳಗೆ ಒಂದೇ ಒಂದು ಹಿಕ್ಕೆಯಿಲ್ಲ. ಹೊಟ್ಟೆ ಮುಟ್ಟಿದರೆ ತಮಟೆಯಂತೆ ಬಿಗಿ. ಹೀಗೆ ನಿಂತ ಕರುಳನ್ನು ಬೇಗ ಓಡಿಸದಿದ್ದರೆ ಮೊಲ ಉಳಿಯುವುದಿಲ್ಲ ಎಂದು ಓದಿದ್ದೆ.

ತಿರುಗಿ ನೋಡಿದರೆ ಅತ್ತೆ ಬಿದಿರಿನ ಗೊಟ್ಟ ಹಿಡಿದು ನಿಂತಿದ್ದಾರೆ. ಹಸುವಿಗೆ ಹೊಟ್ಟೆ ಉಬ್ಬರಿಸಿದಾಗ ಎಣ್ಣೆಗೆ ಇಂಗು ಕಲಸಿ ಗಂಟಲಿಗೆ ಹೊಯ್ಯುವ ಗೊಟ್ಟ. ಅದು ಹತ್ತಿಯ ತಲೆಗಿಂತ ದಪ್ಪವಿತ್ತು.

"ಬಾಯಿ ಬುಡ್ಸು. ಒಂದೇ ಗುಟುಕು, ಇಳಿದೋಯ್ತದೆ."

ಗೊಟ್ಟವನ್ನು ಕಿತ್ತು ಎಸೆದೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಕೂಗಾಡಿದೆ. "ಉಸಿರು ಕಟ್ಟಿ ಸಾಯ್ತದೆ ಅತ್ತೆ! ಮೊಲದ ಹೊಟ್ಟೆ ಹಸುವಿನ ಹೊಟ್ಟೆ ಅಲ್ಲ! ಎಷ್ಟು ಸಲ ಹೇಳಿದೆ ನಿಮಗೆ? ನಿಮ್ಮ ತವರಿನ ಹೊಟ್ಟು ತಿಂದೇ ಇದಕ್ಕೆ ಹೀಗಾಗಿದ್ದು!"

ಗೊಟ್ಟ ಉರುಳಿಕೊಂಡು ಹೋಗಿ ಹಸು ಮೇಯುತ್ತಿದ್ದ ಖಾಲಿ ಗೊಂತಿಗೆ ತಾಗಿ ನಿಂತಿತು.

ಕಿರಣ್‌ಗೆ ಫೋನ್ ಮಾಡಿದರೆ ಕೋಟೆಯಲ್ಲಿ ಶುಂಠಿ ಲೋಡು ಎಂದರು. ತರಕಾರಿ ಬುಟ್ಟಿಗೆ ಟವೆಲ್ ಹಾಸಿ ಹತ್ತಿಯನ್ನಿಟ್ಟು, ಸಿಂಧುವನ್ನು ಕುಳ್ಳಮ್ಮನ ಮನೆಯಲ್ಲಿ ಬಿಟ್ಟು, ಹುಣಸೂರು ಬಸ್ಸಿಗೆ ಓಡಿದೆ. ಬಸ್ಸೇರಿ ಕುಳಿತ ಮೇಲೆ ನೋಡಿದರೆ ಅತ್ತೆಯೂ ಮಂಡಿ ಹಿಡಿದುಕೊಂಡು ಬಸ್ಸು ಹತ್ತಿದ್ದಾರೆ. ಬುಟ್ಟಿ ನನ್ನ ತೊಡೆಯ ಮೇಲಿತ್ತು. ಕಂಡಕ್ಟರ್ ಇಣುಕಿ, "ಏನಕ್ಕ, ಭಾನ್ವಾರದ್ ಬಾಡಾ?" ಎಂದ. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ, "ನಿಮ್ಮನೇಲಿ ಮಕ್ಳಿಗೆ ಹುಷಾರಿಲ್ದಾಗ ಬಾಡು ಅಂತೀಯೇನ್ಲಾ? ಟಿಕೀಟು ಅರಿ" ಎಂದರು. ಅವನು ತೆಪ್ಪಗೆ ಟಿಕೆಟ್ ಹರಿದು ಹೋದ.

ಹುಣಸೂರಿನ ಪಶುವೈದ್ಯರು ಬುಟ್ಟಿ ನೋಡಿ ತಲೆ ಕೆರೆದುಕೊಂಡರು. "ನೋಡಮ್ಮ, ನಾನು ನೋಡೋದು ಹಸು, ಎಮ್ಮೆ, ನಾಯಿ. ಮೊಲ ನೋಡಿರೋದು ತುಂಬ ಕಡಿಮೆ. ಔಷಧಿ ಅಳತೆ ತಪ್ಪಿದರೆ ಕಷ್ಟ. ಇರಿ" ಎಂದು ಮೈಸೂರಿನಲ್ಲಿರುವ ಸ್ನೇಹಿತರೊಬ್ಬರಿಗೆ ಫೋನ್ ಮಾಡಿದರು. ಅವರು ಹೇಳಿದ ಅಳತೆಯಲ್ಲೇ ಚರ್ಮದಡಿಗೆ ನೀರು ಕೊಟ್ಟರು, ನೋವಿಗೆ ಒಂದು, ಕರುಳು ಓಡಲು ಒಂದು ಇಂಜೆಕ್ಷನ್ ಚುಚ್ಚಿದರು. ಒಣಹುಲ್ಲಿನ ಪುಡಿಯನ್ನು ನೀರಲ್ಲಿ ಕದಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕುಡಿಸಲು ಹೇಳಿದರು. ನಾಳೆಯೊಳಗೆ ಹಿಕ್ಕೆ ಬಿದ್ದರೆ ಬದುಕಿತು, ಇಲ್ಲದಿದ್ದರೆ ಮೈಸೂರಿಗೇ ಒಯ್ಯಬೇಕು, ಆಗಲೂ ಭರವಸೆ ಕಡಿಮೆ ಎಂದರು.

"ಹೊಟ್ಟು ನಿಲ್ಲಿಸ್ಬೇಕಾ ಸ್ವಾಮಿ?" ಅತ್ತೆ ಬಾಗಿಲಲ್ಲಿ ನಿಂತೇ ಕೇಳಿದರು.

"ಪೂರ್ತಿ ನಿಲ್ಲಿಸಿ ಅವ್ವ. ಒಣ ಹುಲ್ಲು ಬಿಟ್ಟು ಬೇರೇನೂ ಬೇಡ."

ಈಚೆಗೆ ಬಂದ ಮೇಲೆ ಅತ್ತೆ ಗೊಣಗಿದರು. "ಮೊಲಾನೇ ಸರ್ಯಾಗಿ ಕಂಡಿಲ್ಲ ಅಂತ ಅವ್ರೇ ಅಂದ್ರು. ಅವ್ರ ಮಾತ ಎಂಗೆ ನಂಬದು?"

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಾನು ಅತ್ತುಬಿಟ್ಟೆ. ಸಿಟ್ಟು, ದಣಿವು, ಮನೆಯಲ್ಲಿ ಕಾಯುತ್ತಿರುವ ಮಗಳಿಗೆ ಏನು ಹೇಳುವುದೆಂಬ ಭಯ, ಎಲ್ಲ ಒಟ್ಟಿಗೆ. "ಅತ್ತೆ, ಒಂದು ಹೇಳಿ. ಒಂದು ಮೂಟೆ ಹೊಟ್ಟು ಯಾರಿಗಾದ್ರೂ ಕೊಟ್ಟುಬಿಟ್ಟರೆ ನಿಮ್ಮದೇನು ಹೋಗ್ತಿತ್ತು?"

ಅವರು ಸೆರಗಿನಿಂದ ಬುಟ್ಟಿಗೆ ನೆರಳು ಮಾಡಿಕೊಂಡು ಕುಳಿತಿದ್ದರು. ಬುಟ್ಟಿಯನ್ನೇ ನೋಡುತ್ತ ಹೇಳಿದರು.

"ಗೌರಿ ಹೋದ್ಲು ಅಂತ ಚಾಮಯ್ಯಂಗೆ ನಾನು ಹೇಳಿಲ್ಲ ಕಣಮ್ಮಿ. ಅವ್ನು ಫೋನ್ ಮಾಡೋದೇ ಹಸ ಹೆಂಗದೆ ಅಂತ ಕೇಳಕ್ಕೆ. ಹಸ ಕೇಳ್ತಾನೆ, ಮೇವು ಕೇಳ್ತಾನೆ, ಆಮೇಲೆ ನೀನೆಂಗಿದ್ದೀಯಕ್ಕಾ ಅಂತಾನೆ. ಹಸ ಇಲ್ಲ ಅಂದ್ರೆ ಎಲ್ಲಿಂದ ಮಾತು ಸುರು ಮಾಡ್ತಾನೆ ಅವ್ನು? ಗಂಡಸು, ಅವ್ನಿಗೆ ಬೇರೆ ಮಾತು ಬರಾಕಿಲ್ಲ. ಹೋದ್ವರ್ಸ ಕುಳ್ಳಿ ಹಸೀಗೆ ಹಾಕಿ, ತಿಂತದೆ ಅಂತ ಸುಳ್ಳು ಹೇಳ್ದೆ. ನಾಲಿಗೆ ತೊದಲ್ತು. ಈ ವರ್ಸ ನಮ್ಮನೇಲೇ ಒಂದು ಬಾಯಿ ಇತ್ತಲ್ಲ. ಅದು ತಿಂದ್ರೆ ಸುಳ್ಳಾಗಾಕಿಲ್ಲ ಅಂದ್ಕಂಡೆ."

"ಇವರಿಗೆ ಗೊತ್ತಿತ್ತಾ?"

"ಕಿರಣಂಗಾ? ಮೂಟೆ ತರೋನು ಅವ್ನೇ ಅಲ್ವಾ. ಬಾಯ್ ಬುಡ್ಬೇಡ ಅಂದಿದ್ದೆ."

ಎರಡು ಸುಗ್ಗಿ. ತಾಯಿ ಮಗ ಸೇರಿ ಒಂದು ಇಲ್ಲದ ಹಸುವನ್ನು ಸಾಕಿದ್ದಾರೆ. ಅದರ ಮೇವನ್ನು ನನ್ನ ಮಗಳ ಮೊಲ ತಿಂದು ಹೊಟ್ಟೆ ಉಬ್ಬಿಸಿಕೊಂಡು ಬುಟ್ಟಿಯಲ್ಲಿ ಬಿದ್ದಿದೆ. ನನಗೆ ನಗಬೇಕೋ ಜಗಳವಾಡಬೇಕೋ ತಿಳಿಯಲಿಲ್ಲ. ಬಸ್ಸು ಬಂತು. ಅವರ ಮಂಡಿ ಮಡಚಲಾಗದೆ ಫುಟ್‌ಬೋರ್ಡಿನಲ್ಲಿ ತಡವರಿಸಿದಾಗ ಒಂದು ಕೈಯಲ್ಲಿ ಬುಟ್ಟಿ, ಒಂದು ಕೈಯಲ್ಲಿ ಅವರನ್ನು ಹಿಡಿದು ಹತ್ತಿಸಿದೆ.

ಕೊಟ್ಟಿಗೆ ಥಂಡಿ ಎಂದು ಹತ್ತಿಯನ್ನು ನಡುಮನೆಯಲ್ಲಿ, ದೇವರ ಗೂಡಿನ ಕೆಳಗೆ ಗೋಣಿ ಹಾಸಿ ಮಲಗಿಸಿದೆವು. ಪ್ಯಾಕೆಟ್ಟಿನ ಹುಲ್ಲನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿ ಕುಡಿಸಿದೆ. ಅರ್ಧ ಬಾಯಿಗೆ, ಅರ್ಧ ನನ್ನ ಸೀರೆಗೆ. ಸಿಂಧು ಪಕ್ಕದಲ್ಲೇ ಕುಳಿತು ಅದರ ಕಿವಿ ಸವರುತ್ತಿದ್ದಳು. "ಅಜ್ಜಿ, ಹತ್ತಿ ಸಾಯ್ತದಾ?" ಎಂದು ಕೇಳಿದಳು. ಅತ್ತೆ ಎದ್ದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಅತ್ತೆ ದೇವರ ಗೂಡು ಒರೆಸುತ್ತಿದ್ದರು. ಗಣಪತಿಗೆ ಮಂಗಳವಾರ ಏರಿಸಿದ್ದ ಗರಿಕೆ ಅಲ್ಲೇ ಒಣಗಿತ್ತು. ಅದನ್ನು ತೆಗೆದು ಬಾಳೆ ಬುಡಕ್ಕೆ ಹಾಕಲೆಂದು ಕೆಳಗಿಟ್ಟಿದ್ದರು. ನಾನು ಸಿರಿಂಜು ತೊಳೆದು ತರುವಾಗ, ಹತ್ತಿ ಕತ್ತು ಚಾಚಿ ಆ ಗರಿಕೆಯ ಒಂದು ಎಳೆಯನ್ನು ಬಾಯಿಗೆ ಎಳೆದುಕೊಂಡಿತು. ಎಳೆ ಮೆಲ್ಲಮೆಲ್ಲಗೆ ಒಳಗೆ ಹೋಯಿತು. ಆಮೇಲೆ ಇನ್ನೊಂದು. ನಾನು ನಿಂತಲ್ಲೇ ನಿಂತೆ. ಅತ್ತೆಯೂ ಒರೆಸುವ ಬಟ್ಟೆ ಹಿಡಿದುಕೊಂಡು ಹಾಗೇ ನಿಂತಿದ್ದರು.

ಮಧ್ಯಾಹ್ನ ಮೊದಲ ಹಿಕ್ಕೆ ಬಿತ್ತು. ಚಿಕ್ಕದು, ಸೊಟ್ಟಗಿತ್ತು. ಸಂಜೆಯೊಳಗೆ ಇನ್ನಷ್ಟು ಬಿದ್ದವು. ಸಿಂಧು ಅವನ್ನು ಪೇಪರಿನಲ್ಲಿ ಹಾಕಿಕೊಂಡು ಬೀದಿಯವರಿಗೆಲ್ಲ ತೋರಿಸಿ ಬಂದಳು. ಕುಳ್ಳಮ್ಮ ಮೂಗು ಮುಚ್ಚಿಕೊಂಡು ಅಭಿನಂದನೆ ಹೇಳಿದಳಂತೆ. ಅತ್ತೆ ಒಂದನ್ನು ಎರಡು ಬೆರಳಲ್ಲಿ ಪುಡಿ ಮಾಡಿ ನೋಡಿದರು. ಒಳಗೆ ಬರೀ ಹುಲ್ಲಿನ ಪುಡಿ. ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಅವರು ಹೇಳದೆ ಇದ್ದದ್ದೇ ನನಗೆ ಅವತ್ತು ಹಬ್ಬ.

ಮಾರನೆಯ ದಿನ ಕುಡುಗೋಲು ಹಿಡಿದು ನಾಲೆ ಏರಿಗೆ ಹೊರಟರು. ಹೊಗೆಸೊಪ್ಪಿನ ಹೊಲದ ಬದುವಿನದು ಬೇಡ, ಔಷಧಿ ಹೊಡೆದಿರುತ್ತಾರೆ ಎಂದು ನಾನು ಹಿಂದಿನಿಂದ ಕೂಗಿದೆ. "ನಂಗೆ ಹುಲ್ಲು ಕುಯ್ಯದ ಹೇಳ್ಕೊಡ್ತೀಯಾ?" ಎಂದು ತಿರುಗಿಯೂ ನೋಡದೆ ಹೋದರು. ಗರಿಕೆ ಕುಯ್ದು ತಂದು ನೆರಳಲ್ಲಿ ಹರಡಿ ಒಣಗಿಸಿದರು. ಬಿಸಿಲಲ್ಲಿ ಒಣಗಿಸಿದರೆ ಬಣ್ಣ ಹೋಗುತ್ತದಂತೆ, ಇದನ್ನು ನನಗೆ ಯಾವ ವಿಡಿಯೋವೂ ಹೇಳಿರಲಿಲ್ಲ. ಹತ್ತಿ ತಿಂದಿತು. ಪ್ಯಾಕೆಟ್ ಹುಲ್ಲು ತರಿಸುವುದು ನಿಂತಿತು. ಹೊಟ್ಟಿನ ಮೂಟೆ ಕುಳ್ಳಮ್ಮನ ಹಿತ್ತಲಿಗೆ ಹೋಯಿತು. ಅದರ ಹಿಂದೆಯೇ ಅತ್ತೆಯೂ ಹೋಗಿ, ಆ ಹಸು ತಿನ್ನುವುದನ್ನು ನೋಡುತ್ತ ಸಂಜೆಯವರೆಗೆ ಕುಳಿತಿದ್ದು ಬಂದರು.

ಚಾಮಯ್ಯ ಮಾವನಿಗೆ ಮಾತ್ರ ಹೇಳಲು ಒಪ್ಪಲಿಲ್ಲ. ನಾಳೆ, ನಾಡಿದ್ದು, ಹಬ್ಬ ಆಗಲಿ. ನಾನೇ ಹೇಳುತ್ತೇನೆ ಎಂದರೆ ಊಟ ಬಿಡುತ್ತೇನೆ ಎಂದರು. ಮತ್ತೆ ಹುರುಳಿ ಕಣದ ಕಾಲ ಬಂತು. ಮೂಟೆ ಬಂದರೆ ಮತ್ತೆ ಇದೇ ರಾಮಾಯಣ ಎಂದು ನಾನು ಒಂದು ಬೆಳಿಗ್ಗೆ ಸುಮ್ಮನೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. ಅತ್ತೆ ನನ್ನನ್ನು ನುಂಗುವಂತೆ ನೋಡಿದರು.

"ಚಾಮಾ, ಈ ವರ್ಸ ಹೊಟ್ಟು ಕಳಿಸ್ಬೇಡ ಕಣಪ್ಪ. ಗೌರೀನ ಕೊಟ್ಬುಟ್ಟೊ. ಹೋದ್ವರ್ಸ ಅಲ್ಲ, ಅದ್ರಾಚೆ ವರ್ಸ... ಹೂಂ. ಮಂಡಿ ಕಣೋ... ಈಗ ಮೊಲ ಅದೆ. ಮೊಲ. ಮೊ-ಲ. ಕೆರೆ ಏರಿ ಗರಿಕೆ ಕುಯ್ದು ನೆಳ್ಳಲ್ಲಿ ಒಣಗ್ಸಿ ಕಳ್ಸು, ಸಾಕು."

ಮಾವನ ದನಿ ನನಗೂ ಕೇಳುತ್ತಿತ್ತು. "ಅಕ್ಕಾ, ತವರಿಂದ ಯಾರಾದ್ರೂ ಹುಲ್ಲು ಕೇಳ್ತಾರಾ? ನಾನು ಬದ್ಕಿದ್ದೀನಿ ಕಣಕ್ಕ ಇನ್ನೂ!"

ಮೊನ್ನೆ ಕಿರಣ್ ಮೂಟೆ ತಂದಿಳಿಸಿದರು. ಮೇಲೆ ಒಣಗಿದ ಗರಿಕೆ, ಹಸಿರು ಹಾಗೇ ಇದೆ, ಘಮ ಎನ್ನುತ್ತದೆ. ಅತ್ತೆಯ ಮುಖ ಅರಳಿತು. ಅರ್ಧ ಖಾಲಿ ಮಾಡಿದಾಗ ಕೈಗೆ ಏನೋ ಗಂಟು ತಗುಲಿತು. ಹಳೇ ಪಂಚೆಯಲ್ಲಿ ಬಿಗಿಯಾಗಿ ಕಟ್ಟಿದ ಹುರುಳಿ ಹೊಟ್ಟು. ಬರೀ ಹುಲ್ಲು ಕಳಿಸಲು ಮಾವನಿಗೆ ನಾಚಿಕೆಯಾಗಿತ್ತು.

ಅತ್ತೆ ನನ್ನ ಫೋನ್ ಕಿತ್ತುಕೊಂಡು ತಾವೇ ಹಚ್ಚಿ ಶುರುಮಾಡಿದರು. "ಎಷ್ಟು ಸಲ ಹೇಳ್ಲಾ ನಿಂಗೆ? ಮೊಲದ್ ಒಟ್ಟೆ ಹಸೀನ್ ಒಟ್ಟೆ ಅಲ್ಲ ಕಣ್ಲಾ! ಸತ್ರೆ ಯಾರ್ಲಾ ಜವಾಬ್ದಾರಿ? ಅದಕ್ಕೆ ನಾರು ಬೇಕು, ನಾರು! ಕರುಳು ನಿಂತೋಯ್ತದೆ!" ನಾನು ಕೂಗಾಡಿದ ಮಾತೆಲ್ಲ ಒಂದೂ ಬಿಡದೆ ಮಾವನ ಕಿವಿಗೆ ಹೋಯಿತು. ಆ ಕಡೆಯಿಂದ ಏನೋ ಕೇಳಿದರು. ಅತ್ತೆ ಸ್ವಲ್ಪ ತಗ್ಗಿದರು. "ಹಸ ಇಲ್ದಿದ್ರೆ ಯಾಕೆ ಫೋನ್ ಮಾಡ್ಬಾರ್ದು? ಮೊಲ ಹೆಂಗದೆ ಅಂತ ಕೇಳಕ್ಕಾಗಲ್ವಾ ನಿಂಗೆ? ಅಷ್ಟೇ ಕಣೋ ಮಾತು... ಹೂಂ. ಉಂಡೆ. ನಿಂದು? ಸೊಂಟ ಹೆಂಗದೆ?"

ಫೋನು ಬಿಸಿಯಾಗುವವರೆಗೆ ಮಾತಾಡಿದರು. ನಾನು ಹೊಟ್ಟಿನ ಗಂಟನ್ನು ಬೇಲಿಯಾಚೆ ಕುಳ್ಳಮ್ಮನಿಗೆ ದಾಟಿಸಿ, ಒಂದು ವರ್ಷದ ಜಗಳ ಮುಗಿಯಿತು ಎಂದು ನಿಟ್ಟುಸಿರು ಬಿಟ್ಟು ಕೊಟ್ಟಿಗೆಗೆ ಹೋದೆ. ಹತ್ತಿ ಗರಿಕೆಯಲ್ಲಿ ಮುಖವಿಟ್ಟು ಕುಳಿತಿತ್ತು. ಬಟ್ಟಲಲ್ಲಿ ಒಂದು ಚಿಟಿಕೆ ಹುರುಳಿ ಹೊಟ್ಟು.

"ಅತ್ತೆ!"

"ನೆನೆಸಿಲ್ಲ ಕಣಮ್ಮಿ, ಒಣಾದೇ ಮಡಗಿವ್ನಿ" ಎಂದು ಒಳಗಿಂದಲೇ ಉತ್ತರ ಬಂತು. "ಅಷ್ಟು ದೂರದಿಂದ ಕಳ್ಸವ್ನೆ. ಬಾಯಿಗೆ ತಾಗುಸ್ದೆ ಎಂಗಮ್ಮಿ ಬುಡದು?"

ಬಟ್ಟಲನ್ನು ಎತ್ತಿಕೊಂಡೆ. ಹತ್ತಿ ತಲೆಯೆತ್ತಿ ಬಟ್ಟಲು ಹೋದ ಕಡೆ ಒಮ್ಮೆ ನೋಡಿತು. ಆಮೇಲೆ ಮತ್ತೆ ಗರಿಕೆಗೆ ಬಾಯಿ ಹಾಕಿತು.